ಎಷ್ಟು ಹೊತ್ತು ಕಾಯೋದು?

ಒಳ್ಳೇ ಕೋಡ್ ಅಂದ್ರೆ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನಾನು ತೋರಿಸೋದು ಲಿನಕ್ಸ್ ಕರ್ನಲ್‌ನ ಐ8042 ಡ್ರೈವರ್‌ನಲ್ಲಿರುವ ಒಂದು ಪುಟ್ಟ ಲೂಪನ್ನು. ಪಿಎಸ್/2 ಕೀಬೋರ್ಡು, ಮೌಸುಗಳನ್ನು ನೋಡಿಕೊಳ್ಳುವ ಹಳೇ ಕಂಟ್ರೋಲರ್ ಇದು. ಅದಕ್ಕೆ ಏನಾದರೂ ಹೇಳುವ ಮುಂಚೆ ಸ್ಟೇಟಸ್ ಓದಬೇಕು. ಅದರಲ್ಲೊಂದು ಬಿಟ್ 1 ಆಗಿದ್ದರೆ ‘ಸ್ವಲ್ಪ ತಾಳಿ’ ಅಂತ ಅರ್ಥ. 0 ಆಗೋವರೆಗೆ ಕಾಯಬೇಕು.

ಸರಿ, ಕಂಟ್ರೋಲರೇ ಇಲ್ಲದಿದ್ದರೆ? ಪಿಸಿಯಲ್ಲಿ ಖಾಲಿ ಪೋರ್ಟ್ ಓದಿದರೆ ಸಾಮಾನ್ಯವಾಗಿ ಎಂಟೂ ಬಿಟ್‌ಗಳು 1 ಆಗಿಯೇ ಬರುತ್ತವೆ. ಅಂದರೆ ಯಾರೂ ಇಲ್ಲದ ಮನೆಯೂ ‘ತಾಳಿ, ಬಂದೆ’ ಅನ್ನುತ್ತೆ! ಮಿತಿಯಿಲ್ಲದ ಲೂಪ್ ಬರೆದಿದ್ದರೆ ಬೂಟ್ ಅಲ್ಲೇ ನಿಂತುಬಿಡುತ್ತೆ. ಎರರ್ ಕೂಡ ಇಲ್ಲ, ಯಾಕಂದ್ರೆ ಕೋಡ್ ಪ್ರಕಾರ ಏನೂ ತಪ್ಪಾಗಿಲ್ಲ, ಅದು ಕಾಯುತ್ತಿದೆ ಅಷ್ಟೇ.

ಲಿನಕ್ಸ್‌ನ ಪರಿಹಾರ ಸರಳ: 50 ಮೈಕ್ರೋಸೆಕೆಂಡಿಗೊಮ್ಮೆ, ಹೆಚ್ಚೆಂದರೆ 10,000 ಸಲ ನೋಡು. ಸುಮಾರು ಅರ್ಧ ಸೆಕೆಂಡು. ಆಮೇಲೆ ಬಿಟ್ಟು ಮುಂದೆ ನಡೆ. ಕೀಬೋರ್ಡ್ ಸಿಗದಿದ್ದರೂ ಪರವಾಗಿಲ್ಲ, ಮಷೀನ್ ಏಳಬೇಕು.

ನನ್ನ ತಕರಾರು ಇನ್ನೊಂದು ಬಗೆಯ ಪರಿಹಾರದ ಮೇಲೆ. ಬೂಟ್ ಹ್ಯಾಂಗ್ ಅಂದ ಕೂಡಲೇ ‘ಎಸಿಪಿಐ=ಆಫ್ ಹಾಕಿ ನೋಡಿ’ ಅಂತೀವಲ್ಲ, ತೊಂದರೆ ಎಲ್ಲಿದೆ ಅಂತ ಹುಡುಕೋಕೆ ಅದು ಸರಿ. ಅಲ್ಲಿಗೇ ಕೈಬಿಟ್ಟರೆ ಲ್ಯಾಪ್‌ಟಾಪಿನ ಬ್ಯಾಟರಿ ಮಾಹಿತಿ, ಸ್ಲೀಪ್ ಎಲ್ಲ ಹೋಗುತ್ತೆ. ಡ್ರೈವರ್ ಮಾಡಬೇಕಿದ್ದ ಕೆಲಸ ಬಳಸುವವರ ತಲೆಗೆ ಬೀಳುತ್ತೆ.

ಕಾಯುವ ಪ್ರತಿ ಲೂಪಿಗೂ ರಿವ್ಯೂನಲ್ಲಿ ನಾನು ಕೇಳೋದು ಒಂದೇ: ಎಷ್ಟು ಹೊತ್ತು? ಉತ್ತರ ಕೋಡಿನಲ್ಲೇ ಇರಬೇಕು, ಪವರ್ ಬಟನ್ ಒತ್ತಿ ಹಿಡಿದವರ ಬೆರಳಿನಲ್ಲಲ್ಲ.