ಕರೆಂಟು ಕುಗ್ಗಿದರೂ ಕುಗ್ಗದ ತಾಳ

ತುಂಗಭದ್ರೆಯ ದಂಡೆಗಿರುವ ನಾಗಲದಿನ್ನೆಯಂಥ ಊರಲ್ಲಿ ಹೊಲಗಳಿಗೆ ತ್ರೀಫೇಸ್ ಬಿಟ್ಟು, ಮೋಟರುಗಳೆಲ್ಲ ಒಟ್ಟಿಗೆ ನೀರೆತ್ತಲು ಶುರುಮಾಡಿದರೆ ಮನೆಯೊಳಗಿನ ಬಲ್ಬು ಮಂಕಾಗುತ್ತದೆ, ಫ್ಯಾನಿನ ಸದ್ದು ಇಳಿಯುತ್ತದೆ. ಈ ಲೋ ವೋಲ್ಟೇಜನ್ನು ಬೈಯದವರಿಲ್ಲ. ಎಲೆಕ್ಟ್ರಾನಿಕ್ಸ್ ಹುಚ್ಚು ಹತ್ತಿದವರಿಗೆ ಮಾತ್ರ ಅದು ಒಂದು ಸೊಗಸನ್ನು ಕಣ್ತುಂಬ ನೋಡುವ ಹೊತ್ತು. ಸ್ಟೆಬಿಲೈಸರ್ ಆಗಲಿ, ವೋಲ್ಟೇಜು ಹಿಡಿದಿಡುವ 7812 ಆಗಲಿ ಇಲ್ಲದೆ, ಹಳೆಯ ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು, ಒಂದು ದಪ್ಪ ಕೆಪಾಸಿಟರು ಇಷ್ಟರಿಂದಲೇ ಕರೆಂಟು ಕೊಟ್ಟು 555 ಅನ್ನುವ ಟೈಮರ್ ಐಸಿಯಲ್ಲಿ ಒಂದು ಎಲ್‌ಇಡಿ ಮಿಣುಕಿಸಿ ನೋಡಬೇಕು. ವೋಲ್ಟೇಜು 12ರಿಂದ 8ಕ್ಕೆ ಬಿದ್ದರೆ ಎಲ್‌ಇಡಿಯ ಬೆಳಕು ಬಲ್ಬಿನ ಜೊತೆಗೇ ಸೊರಗುತ್ತದೆ. ತಾಳ ಮಾತ್ರ ತಪ್ಪುವುದಿಲ್ಲ. ಸೆಕೆಂಡಿಗೆ ಒಂದು ಮಿಣುಕು ಅಂದರೆ ಒಂದೇ. ಬೀಳುವ ಆ ಕ್ಷಣದಲ್ಲಿ ಒಂದು ಮಿಣುಕು ತುಸು ಅವಸರ ಮಾಡಬಹುದು; ಮುಂದಿನದರಿಂದ ಮತ್ತೆ ಅದೇ ನಡೆ.

ಇದರ ಗುಟ್ಟು ಐಸಿಯ ಹೊಟ್ಟೆಯೊಳಗಿನ ಮೂರು ಸಮನಾದ ರೆಸಿಸ್ಟರುಗಳಲ್ಲಿದೆ. ಬಂದ ವೋಲ್ಟೇಜು ಎಷ್ಟೇ ಇರಲಿ, ಅವು ಅದನ್ನು ಮೂರು ಪಾಲು ಮಾಡುತ್ತವೆ. ಹೊರಗಿನ ಕೆಪಾಸಿಟರು ತುಂಬುತ್ತ ಮೂರರಲ್ಲಿ ಎರಡು ಪಾಲಿಗೆ ಮುಟ್ಟಿದರೆ ಐಸಿ ಅದನ್ನು ಖಾಲಿಮಾಡಲು ತೊಡಗುತ್ತದೆ. ಒಂದು ಪಾಲಿಗೆ ಇಳಿದರೆ ಮತ್ತೆ ತುಂಬಲು ಬಿಡುತ್ತದೆ. ಕರೆಂಟು ಕುಗ್ಗಿದಾಗ ಗುರಿಯೂ ಕೆಳಗಿಳಿಯುತ್ತದೆ, ಆ ಗುರಿಯ ಕಡೆ ಏರುವ ವೇಗವೂ ಅಷ್ಟೇ ತಗ್ಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ತಗ್ಗಿದ್ದರಿಂದ ಹಿಡಿಯುವ ಹೊತ್ತು ಬದಲಾಗುವುದಿಲ್ಲ. 1971ರಲ್ಲಿ ಹ್ಯಾನ್ಸ್ ಕ್ಯಾಮೆಂಜಿಂಡ್ ಅನ್ನುವ ಸ್ವಿಸ್ ಮೂಲದ ಎಂಜಿನಿಯರು ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಗಾಗಿ ಈ ಐಸಿಯನ್ನು ರೂಪಿಸಿದರು. ಒಳಗಿರುವುದು ಇಪ್ಪತ್ತೈದರ ಆಸುಪಾಸಿನ ಟ್ರಾನ್ಸಿಸ್ಟರು. ಕೋಟಿಗಟ್ಟಲೆ ಟ್ರಾನ್ಸಿಸ್ಟರು ತುಂಬಿದ ಚಿಪ್ಪುಗಳ ಕಾಲದಲ್ಲೂ ಇದು ಅಂಗಡಿಯ ಡಬ್ಬಿಯಿಂದ ಮಾಯವಾಗಿಲ್ಲ. ಅಗ್ಗ ಅನ್ನುವುದು ಒಂದು ಕಾರಣ ಇರಬಹುದು. ನನಗೆ ಕಾಣುವ ಕಾರಣ ಬೇರೆ: ವೋಲ್ಟೇಜು ಇಷ್ಟೇ ಇರಬೇಕೆಂದು ಇದು ಹಟ ಹಿಡಿಯುವುದಿಲ್ಲ, ಬಂದದ್ದರಲ್ಲಿ ತನ್ನ ಪಾಲು ಹಾಕಿಕೊಳ್ಳುತ್ತದೆ.

ಸೆಕೆಂಡಿಗೊಂದು ಮಿಣುಕು ಬೇಕಾದರೆ ಲೆಕ್ಕ ಸುಲಭ: 10 ಕಿಲೋಓಮಿನದೊಂದು ರೆಸಿಸ್ಟರು, 68 ಕಿಲೋಓಮಿನದೊಂದು, 10 ಮೈಕ್ರೋಫ್ಯಾರಡಿನ ಕೆಪಾಸಿಟರು. ಒಂದು ಸುತ್ತಿಗೆ 1.01 ಸೆಕೆಂಡು ಬರುತ್ತದೆ. ಲೆಕ್ಕದಲ್ಲಿ ಮಾತ್ರ. ಎಲೆಕ್ಟ್ರೋಲೈಟಿಕ್ ಕೆಪಾಸಿಟರು ತನ್ನ ಮೈಮೇಲೆ ಬರೆದುಕೊಂಡ ಅಂಕಿಗಿಂತ ಶೇ. 20ರಷ್ಟು ಅತ್ತಿತ್ತ ಇದ್ದರೂ ತಯಾರಕರು ಅದನ್ನು ತಪ್ಪೆನ್ನುವುದಿಲ್ಲ. ಅದಕ್ಕೇ ಒಂದು ಪ್ರಿಸೆಟ್ ಹಾಕಿ, ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ, ಗೋಡೆ ಗಡಿಯಾರದ ಮುಳ್ಳಿನ ಜೊತೆ ಮಿಣುಕನ್ನು ಕೂಡಿಸುವುದು. ತಂಬೂರಿಯ ಮಣಿ ಸರಿಸುವವರ ಮುಖದಲ್ಲಿ ಕಾಣುವ ಏಕಾಗ್ರತೆ ಆಗ ಯಾರಿಗಾದರೂ ಬಂದೀತು.

ಸಂಗೀತದ ನೆನಪು ಸುಮ್ಮನೆ ಬಂದದ್ದಲ್ಲ. ರೆಸಿಸ್ಟರಿನ ಪೊಟ್ಟಣ ಬಿಚ್ಚಿ ಬೆಲೆಗಳನ್ನು ಸಾಲಾಗಿ ಜೋಡಿಸಿ ನೋಡಿ: 10, 12, 15, 18, 22, 27, 33, 39, 47, 56, 68, 82, ಆಮೇಲೆ 100. ಹೊಸಬರಿಗೆ ಇದು ಅಡ್ಡಾದಿಡ್ಡಿ ಅನಿಸುತ್ತದೆ. ಇಪ್ಪತ್ತು ಯಾಕಿಲ್ಲ, ಐವತ್ತು ಯಾಕಿಲ್ಲ? ಇಲ್ಲಿ ಕೂಡಿಸುತ್ತ ಹೋಗುವ ಲೆಕ್ಕವೇ ಇಲ್ಲ, ಗುಣಿಸುತ್ತ ಹೋಗುವುದು. ಪ್ರತಿ ಮೆಟ್ಟಿಲೂ ಹಿಂದಿನದರ ಸುಮಾರು 1.21 ಪಟ್ಟು, ಹನ್ನೆರಡು ಮೆಟ್ಟಿಲು ಹತ್ತಿದರೆ ಸರಿಯಾಗಿ ಹತ್ತು ಪಟ್ಟು. ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋಗಲು ಹಾರ್ಮೋನಿಯಂ ಮೇಲೂ ಹನ್ನೆರಡೇ ಮೆಟ್ಟಿಲು. ಅಲ್ಲಿ ಕೊನೆಗೆ ಎರಡು ಪಟ್ಟು, ಇಲ್ಲಿ ಹತ್ತು ಪಟ್ಟು, ಅಷ್ಟೇ ವ್ಯತ್ಯಾಸ. ಇನ್ನೂ ಚೆಂದ ಇದರ ಸಂದಿಗಳಲ್ಲಿದೆ. 22ಕ್ಕೆ ಶೇ. 10 ಸೇರಿಸಿದರೆ 24.2, 27ರಿಂದ ಶೇ. 10 ಕಳೆದರೆ 24.3. ಹತ್ತು ಪರ್ಸೆಂಟ್ ತಪ್ಪಿಗೆ ಅವಕಾಶ ಕೊಟ್ಟು ಮಾಡಿದ ಮಾಲು ಎಷ್ಟೇ ಹೆಚ್ಚುಕಡಿಮೆಯಾಗಿ ಬಂದರೂ ಯಾವುದಾದರೊಂದು ಮನೆಯೊಳಗೆ ಕೂತುಬಿಡುತ್ತದೆ. ಎಸೆಯುವ ಪ್ರಮೇಯ ಬಹುಮಟ್ಟಿಗೆ ಇಲ್ಲ. ಈ ಸಾಲನ್ನು ಕಟ್ಟಿದವರಿಗೆ ಲೆಕ್ಕವೂ ಗೊತ್ತಿತ್ತು, ಸಂಸಾರವೂ ಗೊತ್ತಿತ್ತು.

ಆ ಅಂಕಿಗಳನ್ನು ಬಣ್ಣದಲ್ಲಿ ಓದುವುದು ಬೇರೆಯದೇ ಖುಷಿ. ಹಳದಿ, ನೇರಳೆ, ಕೆಂಪು ಅಂದರೆ 4.7 ಕಿಲೋಓಮು, ಕಂದು, ಕಪ್ಪು, ಕಿತ್ತಳೆ ಅಂದರೆ 10 ಕಿಲೋಓಮು. ರೂಢಿಯಾದ ಮೇಲೆ ಪಟ್ಟೆ ಎಣಿಸುವ ಕೆಲಸವಿಲ್ಲ, ಮುಖ ನೋಡಿ ಹೆಸರು ಹಿಡಿದ ಹಾಗೆ. ಹಳೆಯ ಟಿವಿಯ ಬೋರ್ಡು ಆದವಾನಿಯ ರಿಪೇರಿ ಅಂಗಡಿಯಿಂದ ಕೈಗೆ ಸಿಕ್ಕಿತೆಂದರೆ ಒಂದು ಸಂಜೆ ಪೂರಾ ಕಳೆಯುತ್ತದೆ. ಹೊಸ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡ್ ಇದೆ, ಈಗ ಕೊರಿಯರ್ ಕೂಡ ಇದೆ. ಆದರೆ ಸತ್ತ ಬೋರ್ಡಿನಿಂದ ಬಿಡಿಸಿದ ರೆಸಿಸ್ಟರಿನ ಕುಳ್ಳ ಕಾಲುಗಳ ಮೇಲೆ ಇರುವಷ್ಟು ಅಕ್ಕರೆ ಪೊಟ್ಟಣದ್ದರ ಮೇಲೆ ಬರುವುದಿಲ್ಲ.

ಬೆಸುಗೆಯ ವಿಷಯವನ್ನು ಸಾವಕಾಶವಾಗಿಯೇ ಹೇಳಬೇಕು. ತವರ ಕರಗಲು 232 ಡಿಗ್ರಿ ಬೇಕು, ಸೀಸಕ್ಕೆ 327. 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದರೆ ಎರಡಕ್ಕಿಂತಲೂ ಕಡಿಮೆಗೆ, 183 ಡಿಗ್ರಿಗೇ ಕರಗುತ್ತದೆ. ನಡುವಿನ ಮುದ್ದೆಯ ಸ್ಥಿತಿ ಇಲ್ಲವೇ ಇಲ್ಲ. ಕರಗಿತು ಅಂದರೆ ನೀರು, ಆರಿತು ಅಂದರೆ ಲೋಹ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 60:40. ಅದು ಆರುವಾಗ ಕೆಲವು ಡಿಗ್ರಿಯ ಅಂತರದಲ್ಲಿ ಮೆತ್ತಗಾಗಿಯೇ ಇರುತ್ತದೆ, ಆಗ ಕೈ ಅಲುಗಿದರೆ ಬೆಸುಗೆ ಬೂದುಬಣ್ಣಕ್ಕೆ ತಿರುಗಿ ದೊರಗಾಗುತ್ತದೆ. ಮೂರು ಪಾಲಿನ ವ್ಯತ್ಯಾಸ, ಕಣ್ಣಿಗೆ ಕಾಣುವಷ್ಟು ಪರಿಣಾಮ. ಒಳ್ಳೆಯ ಬೆಸುಗೆ ಗುಂಡಗೆ ಉಬ್ಬಿರುವುದಿಲ್ಲ. ಕಾಲಿನ ಸುತ್ತ ಒಳಬಾಗಿ, ತಾಮ್ರದ ಮೇಲೆ ಅಂಚೇ ಕಾಣದಂತೆ ಹರಡಿ ಹೊಳೆಯುತ್ತದೆ. ಇಪ್ಪತ್ತೈದು ವ್ಯಾಟಿನ ಐರನ್ನು ಸಾಕು. ಮೊದಲು ಕಾಲನ್ನೂ ತಾಮ್ರವನ್ನೂ ಕಾಯಿಸಿ, ಆಮೇಲೆ ಬೆಸುಗೆಯ ತಂತಿ ಮುಟ್ಟಿಸಬೇಕು. ಆಗ ರಾಳದ ಹೊಗೆ ಏಳುತ್ತದೆ. ಅದು ಪೈನ್ ಮರದ ರಾಳ. ವಾಸನೆ ಹಿತವಾಗಿದ್ದರೂ ಎದೆಗೆ ಒಳ್ಳೆಯದಲ್ಲ, ಕಿಟಕಿ ತೆಗೆದಿರಲಿ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಇಷ್ಟೆಲ್ಲ ಮಾಡುವಾಗ ಮನೆಗೆ ಹಿರಿಯರು ಯಾರಾದರೂ ಬಂದರೆ ಮಾತು ಒಂದೇ ದಾರಿ ಹಿಡಿಯುತ್ತದೆ.

“ಇದು ಏನು ಮಾಡತೈತಪ್ಪ?”

“ಮಿಣುಕತೈತಿ, ದೊಡ್ಡಪ್ಪ.”

“ಅಷ್ಟೇನಾ?”

ಟ್ಯಾಂಕು ತುಂಬಿದಾಗ ಕೂಗುವ ಅಲಾರಂ, ತ್ರೀಫೇಸ್ ಬಂದದ್ದನ್ನು ಮೊಬೈಲಿಗೆ ತಿಳಿಸುವ ಪೆಟ್ಟಿಗೆ ಇವನ್ನೂ ಮಾಡಬಹುದು, ಮಾಡುತ್ತಾರೆ, ಉಪಯೋಗವೂ ಇದೆ. ಆದರೆ ಉಪಯೋಗಕ್ಕಾಗಿ ಮಾಡಿದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಗೋಡೆಗೆ ಹೊಡೆದ ಮೇಲೆ ಅದರ ರುಚಿ ಮುಗಿಯಿತು. ಬರಿದೇ ಮಿಣುಕುವುದರ ಮುಂದೆ ಇನ್ನೊಂದು ಗಳಿಗೆ ಕೂರಬಹುದು. ಮನೆಯಲ್ಲಿ ಕೂತು ಮಾಡುವ ಇಂಥ ಆಟವನ್ನು ಹಗುರವಾಗಿ ನೋಡಬೇಕಿಲ್ಲ; ಕನ್ನಡನಾಡಿನ ಬಾನುಲಿಯೂ ಮನೆಯೊಳಗೇ ಹುಟ್ಟಿದ್ದಲ್ಲವೇ? 1935ರಲ್ಲಿ ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಮನೆಯಲ್ಲಿ 30 ವ್ಯಾಟಿನ ಟ್ರಾನ್ಸ್‌ಮೀಟರು ಇಟ್ಟುಕೊಂಡು ಪ್ರಸಾರ ಶುರುಮಾಡಿದರು. ಆಕಾಶವಾಣಿ ಅನ್ನುವ ಹೆಸರು ಆ ಕೇಂದ್ರದಿಂದಲೇ ದೇಶಕ್ಕೆಲ್ಲ ಹರಡಿತು. 30 ವ್ಯಾಟು ಅಂದರೆ ಇವತ್ತಿನ ನಮ್ಮ ಬೆಸುಗೆ ಐರನ್ನಿಗಿಂತ ಚೂರು ಹೆಚ್ಚು.

ಮೈಕ್ರೋಕಂಟ್ರೋಲರ್ ಬಂದಮೇಲೆ ಈ ಹವ್ಯಾಸದ ರಸ ಆರಿತು ಅನ್ನುವವರಿದ್ದಾರೆ. ಇಟಲಿಯ ಇವ್ರೇಯಾದಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೋ ಬೋರ್ಡಿಗೆ ನಾಲ್ಕು ಸಾಲು ಬರೆದರೆ ಎಲ್‌ಇಡಿ ಮಿಣುಕುತ್ತದೆ. ಕೆಪಾಸಿಟರ್ ತುಂಬುವುದನ್ನು ಕಾಯುವ ಸುಖ ಅಲ್ಲಿಲ್ಲ. ಅರ್ಧ ಒಪ್ಪುತ್ತೇನೆ. ಆದರೆ ಅದರೊಳಗೂ ಅದೇ ಹಳೆಯ ಜಾಣತನ ಅಡಗಿದೆ. ಬೆಳಕಿಗೆ ಬದಲಾಗುವ ಎಲ್‌ಡಿಆರ್ ಒಂದನ್ನು ಒಂದು ರೆಸಿಸ್ಟರಿನ ಜೊತೆ ಸಾಲಾಗಿ ಜೋಡಿಸಿ, ನಡುವಿನ ತಂತಿಯನ್ನು ಬೋರ್ಡಿಗೆ ಕೊಡಿ. ಅದು ವೋಲ್ಟನ್ನು ಹೇಳುವುದಿಲ್ಲ, 0ಯಿಂದ 1023ರೊಳಗೆ ಒಂದು ಅಂಕಿ ಹೇಳುತ್ತದೆ: ತನಗೆ ಬಂದ ಕರೆಂಟಿನಲ್ಲಿ ಇದು ಎಷ್ಟನೇ ಪಾಲು ಅಂತ. ಜೋಡಿಗೂ ಬೋರ್ಡಿಗೂ ಒಂದೇ ಮೂಲದಿಂದ ಕರೆಂಟು ಬರುತ್ತಿದ್ದರೆ, 5 ವೋಲ್ಟು 4.6ಕ್ಕೆ ಇಳಿದರೂ 512 ಇದ್ದದ್ದು 512 ಆಗಿಯೇ ಉಳಿಯುತ್ತದೆ. 555ನ ಮೂರು ರೆಸಿಸ್ಟರು ಮಾಡಿದ್ದೂ ಇದನ್ನೇ. ಕಂಪ್ಯೂಟರಿನ ಪರದೆ ಮೇಲೆ ಅಂಕಿಗಳು ಉರುಳುತ್ತಿರುವಾಗ ಎಲ್‌ಡಿಆರ್ ಮೇಲೆ ಕೈ ಆಡಿಸಿ ನೋಡಿ. ನೆರಳು ಅಂಕಿಯಾಗಿ ಇಳಿಯುತ್ತ ಹೋಗುತ್ತದೆ.

ಪ್ರಮಾಣದ ಈ ಉಪಾಯ ವೋಲ್ಟೇಜಿನಿಂದ ಕಾಯುತ್ತದೆ, ಬಿಸಿಲಿನಿಂದ ಕಾಯುವುದಿಲ್ಲ. ಹೊತ್ತು ಹೇಳಲು ಬೋರ್ಡಿಗೆ ಜೋಡಿಸುವ ಗಡಿಯಾರದ ಮಾಡ್ಯೂಲನ್ನೇ ನೋಡಿ: ಅದರೊಳಗೆ ಅಕ್ಕಿಕಾಳಿನಷ್ಟು ಉದ್ದದ ಒಂದು ಸ್ಫಟಿಕವಿರುತ್ತದೆ, ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು. ಪೆನ್ಸಿಲು ಹಿಡಿದು ಮಾಡಿ ನೋಡಬೇಕಾದ ಲೆಕ್ಕ ಇದು, ಎಲ್ಲೂ ಶೇಷ ಉಳಿಯುವುದಿಲ್ಲ. ಸ್ಫಟಿಕವನ್ನು ಹದಗೊಳಿಸಿರುವುದು 25 ಡಿಗ್ರಿಯ ಆಸುಪಾಸಿಗೆ. ಅಲ್ಲಿಂದ ಚಳಿಗೆ ಹೋದರೂ ಸರಿ, ಬಿಸಿಗೆ ಹೋದರೂ ಸರಿ, ನಿಧಾನವಾಗುತ್ತದೆ. ದೂರ ಹೆಚ್ಚಿದಷ್ಟೂ ಅದರ ವರ್ಗದ ಲೆಕ್ಕದಲ್ಲಿ ನಿಧಾನ. ದಿನವಿಡೀ 42 ಡಿಗ್ರಿಯಲ್ಲಿ ಇಟ್ಟರೆ ಸುಮಾರು 0.8 ಸೆಕೆಂಡು ಹಿಂದೆ ಬೀಳುತ್ತದೆ. ನಮ್ಮ ಸೀಮೆಯ ಮೇ ತಿಂಗಳಿಗೆ 42 ಡಿಗ್ರಿ ಹೊಸದೇನಲ್ಲ. ತನ್ನ ಬಿಸಿಯನ್ನು ತಾನೇ ಅಳೆದು ತಿದ್ದಿಕೊಳ್ಳುವ ಡಿಎಸ್3231 ಅನ್ನುವ ಚಿಪ್ಪು ಸಿಗುತ್ತದೆ, ಹಾಕಿದರೆ ಈ ತೊಡಕು ಮುಗಿಯಿತು. ನಾನು ಹಾಕುವುದಿಲ್ಲ. ಹಿಂದೆ ಬಿದ್ದ ಸೆಕೆಂಡುಗಳನ್ನು ವಾರಕ್ಕೊಮ್ಮೆ ಬರೆದಿಟ್ಟುಕೊಂಡರೆ ಯಾವ ವಾರ ಎಷ್ಟು ಕಾಯಿತು ಅನ್ನುವುದನ್ನು ಗಡಿಯಾರದಲ್ಲೇ ಓದಿಕೊಳ್ಳಬಹುದಲ್ಲ.