ವಚನಗಾಯನವೂ ಆಕಾಶವಾಣಿಯ ಶ್ರೋತೃವೂ

ವಚನ ಸಾಹಿತ್ಯವನ್ನು ಕುರಿತ ನಮ್ಮ ವಿಮರ್ಶೆ ಇದುವರೆಗೆ ಬಹುಮಟ್ಟಿಗೆ ಓದುಗನನ್ನೇ ಉದ್ದೇಶದಲ್ಲಿರಿಸಿಕೊಂಡು ಬೆಳೆದಿದೆ. ಪಾಠಾಂತರ, ಕಾಲನಿರ್ಣಯ, ಅಂಕಿತವಿಚಾರ, ಷಟ್‌ಸ್ಥಲಗಳ ವಿಂಗಡಣೆ ಮುಂತಾದವೆಲ್ಲ ಅಚ್ಚಾದ ಸಂಪುಟವನ್ನು ಮುಂದಿಟ್ಟುಕೊಂಡು ಕುಳಿತ ವಿದ್ವಾಂಸನ ಪ್ರಶ್ನೆಗಳು. ಇವು ಅಗತ್ಯವಾದವುಗಳೇ ಸರಿ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ನಾಡಿನ ಅಸಂಖ್ಯ ಜನರಿಗೆ ವಚನದ ಪರಿಚಯವಾದದ್ದು ಕಿವಿಯ ಮೂಲಕ. ಅದೂ ಆಕಾಶವಾಣಿಯ ವಚನಗಾಯನದ ಮೂಲಕ. ಪ್ರಸಾರದ ಚರಿತ್ರೆಯನ್ನು ಬರೆಯುವವರು ಪ್ರೇಷಕಯಂತ್ರಗಳ ಶಕ್ತಿಯನ್ನೂ ಕೇಂದ್ರಗಳ ಸಂಖ್ಯೆಯನ್ನೂ ಲೆಕ್ಕವಿಡುತ್ತಾರೆ. ಇನ್ನೊಂದು ತುದಿಯಲ್ಲಿ ಕುಳಿತಿದ್ದ ಶ್ರೋತೃವಿಗೆ ತಲುಪಿದ ವಚನ ಯಾವುದು, ಅದು ಶರಣರು ನುಡಿದ ಪೂರ್ಣ ವಚನವೇ ಅಥವಾ ಅದರ ಒಂದಂಶ ಮಾತ್ರವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಆ ದಿಕ್ಕಿನಲ್ಲಿ ಒಂದು ಅಲ್ಪ ಪ್ರಯತ್ನ ಈ ಲೇಖನ.

ಈ ವಿಚಾರ ನನ್ನಲ್ಲಿ ಮೊದಲು ಮೂಡಿದ್ದು ತರಗತಿಯಲ್ಲಿ. 1986ರಲ್ಲಿ ಯಶವಂತಪುರದ ಸಮೀಪದ ಶಾಲೆಯೊಂದರಲ್ಲಿ ಕನ್ನಡ ಬೋಧಿಸುತ್ತಿದ್ದಾಗ, ನುಡಿಯ ಲಕ್ಷಣವನ್ನು ಕುರಿತ ಬಸವಣ್ಣನವರ ಪ್ರಸಿದ್ಧ ವಚನವನ್ನು ಪುಸ್ತಕ ನೋಡದೆ ಬರೆಯುವಂತೆ ಮಕ್ಕಳಿಗೆ ಹೇಳಿದೆ. ಮೂರು ನಾಲ್ಕು ಮಕ್ಕಳು ಒಂದೇ ತಪ್ಪನ್ನು ಮಾಡಿದ್ದರು. ಅಂಕಿತವನ್ನು ಬರೆದ ಮೇಲೆ ನಿಲ್ಲಿಸದೆ, ಮೊದಲ ಸಾಲನ್ನೇ ಮತ್ತೊಮ್ಮೆ ಬರೆದಿದ್ದರು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಅಂಕ ಕಳೆದೆ. ಅವರಲ್ಲೊಬ್ಬ ಹುಡುಗ ಎದ್ದು ನಿಂತು, "ಸಾರ್, ರೇಡಿಯೋದಲ್ಲಿ ಹಾಗೇ ಮುಗಿಯುತ್ತೆ" ಎಂದ. ಆಗ ನಾನು ಅವನನ್ನು ಗದರಿಸಿ ಕೂರಿಸಿದೆ. ಮನೆಗೆ ಬಂದು ಯೋಚಿಸಿದಾಗ ಹುಡುಗನ ಮಾತು ನಿಜವೆನಿಸಿತು. ಅವನು ಕೇಳಿದ ವಚನ ಹಾಗೆಯೇ ಮುಗಿಯುತ್ತಿತ್ತು. ತಪ್ಪು ಅವನದಲ್ಲವೆಂದಾದರೆ ಮತ್ತಾರದು?

ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ತಾಳೆಯೋಲೆಗಳಲ್ಲಿ ಉಳಿದಿದ್ದ ವಚನರಾಶಿಯನ್ನು ಸಂಗ್ರಹಿಸಿ ಫ. ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದ್ದು 1923ರಲ್ಲಿ. ಅದಾದ ಹನ್ನೆರಡೇ ವರ್ಷಗಳಿಗೆ, 1935ರ ಸೆಪ್ಟೆಂಬರಿನಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರೇಷಕವನ್ನಿಟ್ಟುಕೊಂಡು ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರನ್ನು ಧರಿಸಿದ ಕೇಂದ್ರ ಅದು. ಮುಂದೆ 1950ರ ದಶಕದ ಉತ್ತರಾರ್ಧದಲ್ಲಿ ಅದೇ ಹೆಸರು ಇಡೀ ದೇಶದ ಪ್ರಸಾರಸಂಸ್ಥೆಯ ಹೆಸರಾಯಿತು. ಮೈಸೂರು ಕೇಂದ್ರ 1950ರಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ವಿಲೀನವಾಗಿ, 1955ರ ನವೆಂಬರಿನಲ್ಲಿ ಬೆಂಗಳೂರಿಗೆ ವರ್ಗವಾಯಿತು. ಧಾರವಾಡ ಕೇಂದ್ರ 1950ರ ಜನವರಿಯಲ್ಲಿಯೂ, ಭದ್ರಾವತಿ 1965ರಲ್ಲಿಯೂ, ಗುಲ್ಬರ್ಗಾ 1966ರಲ್ಲಿಯೂ ಪ್ರಾರಂಭವಾದವು.

ಈ ಇಸವಿಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಚನಗಳಿಗೆ ಅಚ್ಚುಮೊಳೆ ಮತ್ತು ಧ್ವನಿವರ್ಧಕ ಎರಡೂ ಹೆಚ್ಚುಕಡಿಮೆ ಒಂದೇ ತಲೆಮಾರಿನಲ್ಲಿ ದೊರೆತವು. 1951ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇಕಡಾ 18ರಷ್ಟು ಮಾತ್ರ. ಆದ್ದರಿಂದ ಹಳಕಟ್ಟಿಯವರ ಗ್ರಂಥ ತಲುಪದಿದ್ದ ಮನೆಗಳಿಗೆ ವಚನವನ್ನು ಮೊದಲು ಒಯ್ದದ್ದು ಆಕಾಶವಾಣಿಯೇ. ಪುಸ್ತಕದಲ್ಲಿ ಓದಿ ಅನಂತರ ಹಾಡು ಕೇಳಿದವನಿಗೆ ಗಾಯನವು ಒಂದು ವ್ಯಾಖ್ಯಾನ. ಪುಸ್ತಕವನ್ನೇ ಕಾಣದವನಿಗೆ ಗಾಯನವೇ ಮೂಲಪಾಠ. ಗಾಯಕರ ಹೊಣೆ ಎಷ್ಟು ದೊಡ್ಡದಾಗಿತ್ತೆಂಬುದು ಇದರಿಂದ ವೇದ್ಯವಾಗುತ್ತದೆ.

ಆ ಹೊಣೆಯನ್ನು ಹೊತ್ತವರು ಸಾಮಾನ್ಯರಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರಂಥ ಹಿಂದೂಸ್ತಾನಿ ಸಂಗೀತದ ಘನವಿದ್ವಾಂಸರು ವಚನವನ್ನು ರಾಗಸಂಗೀತದ ವೇದಿಕೆಗೆ ಏರಿಸಿದರು. ಮನ್ಸೂರರು ಧಾರವಾಡ ಕೇಂದ್ರದಲ್ಲಿ ಸಂಗೀತದ ಸಲಹೆಗಾರರಾಗಿಯೂ ಇದ್ದರು. ಹಳ್ಳಿಯ ಭಜನಾಮಂಡಳಿಯಲ್ಲಿ ಹಾರ್ಮೋನಿಯಂ ಇಲ್ಲದೆ ಪದ ಏಳುವುದಿಲ್ಲ. ಆದರೆ ಅಖಿಲ ಭಾರತದ ಬಾನುಲಿಯಲ್ಲಿ 1940ರಿಂದ 1971ರವರೆಗೆ ಆ ವಾದ್ಯಕ್ಕೆ ನಿಷೇಧವಿತ್ತು. ಹೀಗಾಗಿ ಬಾನುಲಿಯ ವಚನಗಾಯನ ಭಜನೆಯ ದಾರಿಯನ್ನು ಬಿಟ್ಟು ತಂಬೂರಿಯ ಶ್ರುತಿಯಲ್ಲಿ ಬೇರೊಂದು ಗಾಂಭೀರ್ಯವನ್ನು ಪಡೆಯಿತು. ವಚನವೆಂದರೆ ಹಳ್ಳಿಗರ ಪದವೆಂದು ತಾತ್ಸಾರ ಮಾಡುತ್ತಿದ್ದ ಸಂಗೀತರಸಿಕರೂ ಅದಕ್ಕೆ ಕಿವಿಗೊಡುವಂತಾಯಿತು. ಈ ಉಪಕಾರವನ್ನು ಮರೆಯತಕ್ಕದ್ದಲ್ಲ.

ಶ್ರೋತೃಗಳ ವಿಷಯಕ್ಕೆ ಬರೋಣ. 1970ರ ದಶಕದಲ್ಲಿ ನಮ್ಮ ಕುಟುಂಬ ಯಶವಂತಪುರದ ಒಂದು ವಠಾರದಲ್ಲಿ ವಾಸವಾಗಿದ್ದಿತು. ರೇಡಿಯೋ ಇಟ್ಟುಕೊಳ್ಳುವವರು ಆಗ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸು ಪಡೆಯಬೇಕಾಗಿತ್ತು. ಎಂಟು ಮನೆಗಳಿಗೆ ಒಂದೇ ರೇಡಿಯೋ. ಅದರ ಧ್ವನಿ ಎಲ್ಲರ ಸೊತ್ತು. ರೈಲ್ವೆ ನಿಲ್ದಾಣದ ಬಳಿ ಹೂ ಮಾರುತ್ತಿದ್ದ ವೃದ್ಧೆಯೊಬ್ಬರು ಬೆಳಗಿನ ಹೊತ್ತು ಜಗಲಿಯ ಮೇಲೆ ಹೂ ಕಟ್ಟುತ್ತ ಕೇಳುತ್ತಿದ್ದರು. ಅಕ್ಷರ ಬಾರದವರು. ಅಂಕಿತ ಕೇಳಿದೊಡನೆ ಅವರ ಕೈ ಒಂದು ಕ್ಷಣ ನಿಲ್ಲುತ್ತಿತ್ತು. "ಇದು ಅಣ್ಣನೋರ್ದು", "ಇದು ಅಕ್ಕಂದು" ಎಂದು ಗುರುತಿಸುತ್ತಿದ್ದರು. ಅಂಕಿತವು ಕಿವಿಗಾಗಿಯೇ ಹುಟ್ಟಿದ ಮುದ್ರೆ ಎಂಬುದನ್ನು ನಾನು ಅರಿತದ್ದು ಆ ತಾಯಿಯಿಂದ. ಓದುವವನಿಗೆ ಕರ್ತೃವಿನ ಹೆಸರು ಶೀರ್ಷಿಕೆಯಲ್ಲಿಯೇ ಇರುತ್ತದೆ. ಕೇಳುವವನಿಗೆ ಅಂಕಿತವೇ ಹೆಸರು.

ಅದೇ ಕಾಲಕ್ಕೆ ಸಾಮೂಹಿಕ ಶ್ರವಣ ಕರಗತೊಡಗಿತ್ತು. ನಮ್ಮೂರಿಗೆ ಸಮೀಪದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರು ಮೊದಲಾದವುಗಳನ್ನೂ, 1964ರಲ್ಲಿ ಆಕಾಶವಾಣಿಗೆ ಪ್ರೇಷಕಯಂತ್ರಗಳನ್ನೂ ತಯಾರಿಸತೊಡಗಿತು. ವಿದ್ಯುತ್ತಿಲ್ಲದ ಮನೆಗೂ, ಹೊಲದ ಬದುವಿಗೂ ಟ್ರಾನ್ಸಿಸ್ಟರ್ ಹೋಯಿತು. ಕೇಳುವುದು ಸುಲಭವಾಯಿತು; ಕೇಳಿದ್ದನ್ನು ಪಕ್ಕದವರೊಡನೆ ಚರ್ಚಿಸುವುದು ವಿರಳವಾಯಿತು.

ಈಗ ಮೂಲಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಸಂಗೀತಕ್ಕೆ ಪಲ್ಲವಿ ಬೇಕು. ವಚನದಲ್ಲಿ ಪಲ್ಲವಿ ಇಲ್ಲ. ಆದ್ದರಿಂದ ಗಾಯಕರು ಮೊದಲ ವಾಕ್ಯವನ್ನೇ ಪಲ್ಲವಿಯಾಗಿಸಿಕೊಂಡು, ಪ್ರತಿ ಖಂಡದ ಕೊನೆಗೂ ಅದಕ್ಕೆ ಮರಳುತ್ತಾರೆ. ಅಂಕಿತದ ಅನಂತರವೂ ಮರಳುತ್ತಾರೆ. ನುಡಿಯನ್ನು ಕುರಿತ ವಚನದ ರಚನೆಯನ್ನು ಪರಿಶೀಲಿಸಿರಿ. ಅದು ಆಭರಣ, ರತ್ನದ ಕಾಂತಿ, ಸ್ಫಟಿಕದ ನೈರ್ಮಲ್ಯ ಎಂದು ಹೋಲಿಕೆಯಿಂದ ಹೋಲಿಕೆಗೆ ಏರಿ, ದೈವವೇ ತಲೆದೂಗುವ ಹಂತವನ್ನು ಮುಟ್ಟಿ, ಅಲ್ಲಿಂದ ಥಟ್ಟನೆ ನಡೆಯ ಪ್ರಶ್ನೆಗೆ ತಿರುಗುತ್ತದೆ. ಆಚರಣೆಯಿಲ್ಲದ ಮಾತಿಗೆ ದೇವನೊಲುಮೆ ಎಲ್ಲಿಯದು ಎಂಬ ಆ ಕೊನೆಯ ಪ್ರಶ್ನೆಗಾಗಿಯೇ ಹಿಂದಿನ ಹೋಲಿಕೆಗಳೆಲ್ಲ ಕೂಡಿಬಂದಿವೆ. ಪ್ರಶ್ನೆಯ ಬೆನ್ನಿಗೇ ಆಭರಣದ ಸಾಲಿಗೆ ಮರಳಿದರೆ ಆತ್ಮಪರೀಕ್ಷೆಯ ಮೊನೆ ಮೊಂಡಾಗುತ್ತದೆ. ಶ್ರೋತೃವಿನ ನೆನಪಿನಲ್ಲಿ ಉಳಿಯುವುದು ಮಾತಿನ ಸೊಗಸು. ಅಳಿಯುವುದು ನಡೆಯ ಪ್ರಶ್ನೆ.

ದೇಹವನ್ನೇ ದೇಗುಲವೆಂದ ವಚನದಲ್ಲಿ ಈ ನಷ್ಟ ಇನ್ನೂ ದೊಡ್ಡದು. ಧನಿಕರ ಗುಡಿಯಿಂದ ಹೊರಟು, ಕಾಲು, ಒಡಲು, ಶಿರಸ್ಸುಗಳನ್ನು ಕಂಬ, ಗುಡಿ, ಕಳಸಗಳಾಗಿ ಕಂಡು, ಕಡೆಗೆ ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲ ಎಂಬ ನಿರ್ಣಯಕ್ಕೆ ಅದು ಬರುತ್ತದೆ. ಮೊದಲಿನ ಸಾಲಿನಲ್ಲಿರುವುದು ಬಡವನ ಅಸಹಾಯಕತೆ. ಕೊನೆಯದರಲ್ಲಿ ಅವನ ವಿಜಯ. ಪಲ್ಲವಿಗೆ ಮರಳಿದಾಗ ಅವನನ್ನು ಮತ್ತೆ ಅಸಹಾಯಕತೆಗೇ ತಂದು ನಿಲ್ಲಿಸಿದಂತಾಗುತ್ತದೆ. ಹೂ ಕಟ್ಟುವ ಆ ತಾಯಿಯನ್ನು ನಾನೊಮ್ಮೆ ಈ ವಚನದ ಅರ್ಥವೇನೆಂದು ಕೇಳಿದ್ದೆ. "ದುಡ್ಡಿರೋರು ಗುಡಿ ಕಟ್ಟಿಸ್ತಾರೆ, ಬಡವರ ಗತಿ ಏನಪ್ಪಾ ಅಂತ ಕೇಳ್ಕೊಂಡವ್ರೆ, ಅಷ್ಟೇಯ" ಎಂದರು. ನೂರಾರು ಸಲ ಕೇಳಿದ್ದ ವಚನ. ನಾನು ಪುಸ್ತಕ ತಂದು ನಿಧಾನವಾಗಿ, ಒಂದು ಸಾಲನ್ನೂ ಎರಡು ಸಲ ಹೇಳದೆ, ಕೊನೆಯವರೆಗೆ ಓದಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು, "ಹಂಗಾದ್ರೆ ಗೆದ್ದೋರು ನಾವೇ ಅಲ್ವೇನಪ್ಪಾ?" ಎಂದು ಕೇಳಿದರು. ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಎಲ್ಲ ವಚನಗಳಿಗೂ ಈ ಆಕ್ಷೇಪ ಸಮನಾಗಿ ಅನ್ವಯಿಸದು. ಬೆಟ್ಟದಲ್ಲಿ ಮನೆ ಕಟ್ಟಿದವರು ಮೃಗಗಳಿಗೆ ಅಂಜಬಹುದೇ ಎಂಬ ಅರ್ಥದ ಅಕ್ಕಮಹಾದೇವಿಯವರ ವಚನದಲ್ಲಿ ಪ್ರಶ್ನೆಗಳು ಒಂದೇ ಅಚ್ಚಿನಲ್ಲಿ ಮರಳಿ ಮರಳಿ ಬರುತ್ತವೆ. ಸ್ತುತಿನಿಂದೆಗಳಲ್ಲಿ ಸಮಚಿತ್ತವಿರಬೇಕೆಂಬ ಕೊನೆಯ ಮಾತಾದ ಮೇಲೆ ಮೊದಲ ಪ್ರಶ್ನೆಗೆ ಹಿಂತಿರುಗಿದರೆ, ಉತ್ತರ ತಿಳಿದವನು ಮತ್ತೊಮ್ಮೆ ಪ್ರಶ್ನೆ ಕೇಳಿಕೊಂಡು ಸಮಾಧಾನಪಟ್ಟಂತಾಗುತ್ತದೆ. ಇಲ್ಲಿ ಸಂಗೀತವು ವಚನಕ್ಕೆ ಸಹಾಯಕವೇ ಆಗಿದೆ. ಆಯಾ ವಚನದ ಕಟ್ಟನ್ನರಿತು ಪಲ್ಲವಿಯನ್ನು ಗೊತ್ತುಮಾಡಬೇಕೆಂಬುದಷ್ಟೇ ನನ್ನ ವಾದ.

ಬಸವಣ್ಣನವರೇ ತಾವು ಹಾಡುವವರೆಂದು ಹೇಳಿಕೊಂಡಿಲ್ಲವೇ ಎಂದು ಕೆಲವರು ಕೇಳಬಹುದು. ಹೌದು. ತಮಗೆ ತಾಳಲಯಗಳ ಶಾಸ್ತ್ರ ತಿಳಿಯದೆಂದೂ ಪ್ರೀತಿಯೇ ತಮ್ಮ ಗಾನಕ್ಕೆ ಅಳತೆಯೆಂದೂ ಅವರು ಸೂಚಿಸಿರುವುದುಂಟು. ಅದರಿಂದ ಸಿದ್ಧವಾಗುವುದು ಗಾನವು ನುಡಿಯನ್ನು ಅನುಸರಿಸುತ್ತಿತ್ತೆಂಬುದೇ ಹೊರತು, ನುಡಿಯು ತಾಳವನ್ನು ಅನುಸರಿಸಬೇಕೆಂಬುದಲ್ಲ.

ಆಯ್ಕೆಯ ವಿಷಯವೂ ಗಮನಾರ್ಹ. ಹತ್ತು ಹದಿನೈದು ನಿಮಿಷಗಳ ಅವಧಿಗೆ ಒಗ್ಗುವ, ಸುಲಭವಾಗಿ ರಾಗಕ್ಕೆ ಬಾಗುವ ಕಿರುವಚನಗಳೇ ಮತ್ತೆ ಮತ್ತೆ ಕೇಳಿಬಂದವು. ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನೂ ಚನ್ನಬಸವಣ್ಣನವರ ದೀರ್ಘವಾದ ತತ್ತ್ವನಿರೂಪಣೆಗಳನ್ನೂ ನಾನು ಬಾನುಲಿಯಲ್ಲಿ ಕೇಳಿದ್ದು ಅತಿ ವಿರಳ. ಭಕ್ತಿಗೀತೆಗಳ ನಡುವೆ ಬಂದ ಕಾರಣ, ವಿಚಾರಕ್ಕೆಳಸುವ ವಚನವೂ ಬೆಳಗಿನ ಮಂಗಳಧ್ವನಿಯಾಗಿ ಸವೆಯಿತು.

ಹದಿನೈದನೆಯ ಶತಮಾನದ ಶೂನ್ಯಸಂಪಾದನಾಕಾರರು ಇದಕ್ಕೆ ಬೇರೊಂದು ಮಾದರಿಯನ್ನು ಕೊಟ್ಟುಹೋಗಿದ್ದಾರೆ. ಅವರು ಬಿಡಿ ವಚನಗಳನ್ನು ಸಂವಾದದಲ್ಲಿ ಕೂಡಿಸಿ, ಒಬ್ಬರ ನುಡಿಗೆ ಇನ್ನೊಬ್ಬರ ಉತ್ತರವನ್ನು ಎದುರಿಟ್ಟರು. ಅಲ್ಲಿ ಕೇಳುವವನಿಗೂ ಬಾಯಿದೆ. ಪುರಾಣಗಳ ಆಕಾಶವಾಣಿಯಾದರೋ ಅಶರೀರವಾಣಿ. ಅದು ನುಡಿದರೆ ಮುಗಿಯಿತು, ಮರುಮಾತಿಗೆ ಎಡೆಯಿಲ್ಲ. ಯಂತ್ರದ ಸ್ವಭಾವವೇ ಹೀಗೆಂದು ಕೈಚೆಲ್ಲಬೇಕಾಗಿಲ್ಲ. 1956ರಲ್ಲಿ ಪುಣೆಯ ಸುತ್ತಿನ 150 ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ನಡೆದ ರೈತರ ರೇಡಿಯೋ ಕೂಟಗಳಲ್ಲಿ, ಜನ ಒಟ್ಟಿಗೆ ಕುಳಿತು ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಬೇಸಾಯಕ್ಕೆ ಸಾಧ್ಯವಾದದ್ದು ವಚನಕ್ಕೆ ಅಸಾಧ್ಯವೇ?

ದೂರದರ್ಶನದ ವಿಷಯದಲ್ಲಿಯೂ ಇದೇ ಮಾತು. ಕರ್ನಾಟಕದ ಹಳ್ಳಿಗರು ಮೊದಲು ದೂರದರ್ಶನವನ್ನು ಕಂಡದ್ದು ಬೆಂಗಳೂರಿನವರಿಗಿಂತ ಮುಂಚೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿದ್ದವು. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಬಸವನ ಬಾಗೇವಾಡಿ, ಕೂಡಲಸಂಗಮಗಳು ಆಗ ಇದ್ದ ಜಿಲ್ಲೆಯೇ ಬಿಜಾಪುರ. ಶರಣರು ನಡೆದಾಡಿದ ಸೀಮೆಯ ಜನ ಸಂಜೆ ಒಂದೆಡೆ ಕಲೆತು ಒಂದೇ ಪೆಟ್ಟಿಗೆಯನ್ನು ನೋಡಿದರು. ಬೆಂಗಳೂರಿಗೆ 1981ರಲ್ಲಿ ದೂರದರ್ಶನ ಬಂದ ಮೇಲೆ, ಕ್ರಮೇಣ ಮನೆಗೊಂದು ಪೆಟ್ಟಿಗೆಯಾಗಿ ಆ ಕೂಟವೂ ಚದುರಿತು. ದೃಶ್ಯಮಾಧ್ಯಮದಲ್ಲಿ ವಚನಕ್ಕೆ ಗುಡಿ, ದೀಪ, ನದಿಗಳ ಚಿತ್ರ ಸೇರಿತು. ಕಟ್ಟಿದ ಗುಡಿಯನ್ನು ಮೀರಿ ನಿಂತ ವಚನಕ್ಕೆ ಗುಡಿಯ ಚಿತ್ರವನ್ನೇ ತೋರಿಸುವುದು ಎಷ್ಟು ಸಮಂಜಸವೆಂಬುದನ್ನು ಸಹೃದಯರೇ ನಿರ್ಣಯಿಸಲಿ.

ಇಂದು ಮೊಬೈಲು ಫೋನಿನಲ್ಲಿ ಯಾವ ವಚನವನ್ನಾದರೂ ಯಾವ ಹೊತ್ತಿನಲ್ಲಾದರೂ ಕೇಳಬಹುದಾಗಿದೆ. ಅನುಕೂಲ ಹೆಚ್ಚಿದಷ್ಟೂ ಹಳೆಯ ರೂಢಿ ಬಲವಾಗುತ್ತಿರುವುದನ್ನು ಕಾಣುತ್ತೇವೆ; ಅದೇ ನಾಲ್ಕಾರು ವಚನಗಳು, ಅದೇ ಪಲ್ಲವಿ. ನನ್ನ ಸೂಚನೆ ಅತ್ಯಂತ ಸರಳವಾದುದು. ಗಾಯನಕ್ಕೆ ಮೊದಲು ಆ ವಚನವನ್ನು ಸ್ಪಷ್ಟವಾಗಿ, ಪುನರುಕ್ತಿಯಿಲ್ಲದೆ, ಒಮ್ಮೆ ಓದಿ ಹೇಳಲಿ, ಅಂಕಿತದ ಬಳಿಕ ಕೊನೆಯ ಮಾತು ಮುಗಿದೊಡನೆ ಒಂದು ಕ್ಷಣ ಮೌನವಿರಲಿ, ಅನಂತರ ಹಾಡಲಿ. ಇದಕ್ಕೆ ಒಂದು ನಿಮಿಷ ಸಾಕು. ಮಠಗಳ ಸಭೆಗಳಲ್ಲಿಯೂ ಶಾಲೆಗಳ ಪ್ರಾರ್ಥನೆಯಲ್ಲಿಯೂ ಈ ಕ್ರಮವನ್ನು ಅನುಸರಿಸಲು ಯಾವ ಅಡ್ಡಿಯೂ ಇಲ್ಲ.

1986ರ ಆ ಹುಡುಗನಿಗೆ ಕಳೆದ ಅಂಕವನ್ನು ಮರುದಿನವೇ ಹಿಂದಿರುಗಿಸಿದೆ. ಅಂದಿನಿಂದ ನಿವೃತ್ತಿಯವರೆಗೂ ಯಾವ ವಚನವನ್ನೂ ಮೊದಲು ಓದಿ ಹೇಳದೆ ನನ್ನ ತರಗತಿಯಲ್ಲಿ ಹಾಡಿಸಲಿಲ್ಲ.