ಉದ್ದ ತೋಳಿನ ಜೀಪು

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಜೀಪಿನ ಸಸ್ಪೆನ್ಷನ್ ಬದಲಿಸಿಕೊಳ್ಳುವವರಿದ್ದಾರೆ. ಗಂಡಸರ ಹುಚ್ಚು ಎಂದು ಮೂಗು ಮುರಿಯಬೇಕಿಲ್ಲ, ಅದರಲ್ಲೊಂದು ಜಾಣ್ಮೆಯಿದೆ. 1997ರಿಂದ 2006ರವರೆಗಿನ ರ‍್ಯಾಂಗ್ಲರ್ ಟಿಜೆ ಜೀಪಿನಲ್ಲಿ ಮುಂದೆ ನಾಲ್ಕು, ಹಿಂದೆ ನಾಲ್ಕು ಗಿಡ್ಡ ಕಬ್ಬಿಣದ ತೋಳುಗಳು ಆಕ್ಸಲನ್ನು ಚಾಸಿಗೆ ಹಿಡಿದಿಡುತ್ತವೆ. ಬಂಡೆ ಹತ್ತಲೆಂದು ಗಾಡಿಯನ್ನು ಎತ್ತರಿಸಿದರೆ ಈ ತೋಳುಗಳು ಕಡಿದಾಗಿ ಇಳಿಬೀಳುತ್ತವೆ. ಗುಂಡಿಯ ಪೆಟ್ಟು ಕೂತವರ ಬೆನ್ನಿಗೆ ಬರುತ್ತದೆ. ತೋಳು ಉದ್ದವಾದರೆ ಓರೆ ಕಡಿಮೆ, ಕುಲುಕಾಟವೂ ಕಡಿಮೆ. ಉದ್ದ ಹಗ್ಗದ ಉಯ್ಯಾಲೆ ಹಗುರವಾಗಿ ತೂಗುವುದನ್ನು ನಾವು ಕಂಡಿಲ್ಲವೇ?

ನನ್ನ ತಕರಾರು ಬೇರೆ. ಉದ್ದ ತೋಳಿಗೆ ಹಳೆಯ ಕೊಂಡಿ ಒದಗುವುದಿಲ್ಲ; ಚಾಸಿಯ ನಡುಭಾಗಕ್ಕೆ ಹೊಸದನ್ನು ವೆಲ್ಡಿಂಗ್ ಮಾಡಬೇಕು. ಬ್ರೇಕ್ ಒತ್ತಿದಾಗ ಆ ಬೆಸುಗೆಯೇ ಸೆಳೆತ ತಾಳಬೇಕು. ಮೇಲೆ ನುಣುಪಾಗಿ ಕಂಡದ್ದು ಒಳಗೂ ಕಚ್ಚಿಕೊಂಡಿರಬೇಕೆಂದಿಲ್ಲ. ಕಿತ್ತರೆ ಆಕ್ಸಲ್ ಸರಿಯುತ್ತದೆ, ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಬಂಡೆಯ ಮೇಲೆ ಅವನೊಬ್ಬನೇ ನಿಧಾನವಾಗಿ ಹೋಗಿಯಾನು. ಹೆದ್ದಾರಿಯಲ್ಲಿ ಅದೇ ಗಾಡಿಯಲ್ಲಿ ಹೆಂಡತಿ, ಮಕ್ಕಳು.

ಕೈಕೆಲಸವನ್ನು ಮೆಚ್ಚೋಣ. ಆದರೆ ನುರಿತ ವೆಲ್ಡರಿಗೆ ತೋರಿಸಿದ್ದಾಯಿತೇ ಎಂದು ಕೇಳುವ ಹಕ್ಕು ಪಕ್ಕದ ಸೀಟಿನಲ್ಲಿ ಕೂರುವವಳಿಗಿದೆ. ಉತ್ತರ ಬರುವವರೆಗೆ ಅವಳು ಗಾಡಿ ಹತ್ತದಿದ್ದರೆ ಅದು ಅಂಜಿಕೆಯಲ್ಲ, ವಿವೇಕ.